ಒಡೆತನದ ಬೆಲೆ

ವಸ್ತುವೊಂದನ್ನು ಕೊಳ್ಳುವುದು ಬೇರೆ, ಅದರ ಒಡೆಯನಾಗುವುದು ಬೇರೆ. ಕೊಳ್ಳುವ ಕೆಲಸ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಹಣ ಎಣಿಸಿ ಕೊಟ್ಟು, ಕಾಗದಕ್ಕೆ ರುಜು ಹಾಕಿದರೆ ವಸ್ತು ಮನೆಗೆ ಬರುತ್ತದೆ. ಒಡೆತನವಾದರೋ ಆ ಗಳಿಗೆಯಲ್ಲಿ ಆರಂಭವಾಗಿ, ವಸ್ತು ಕೈಬಿಡುವವರೆಗೂ ದಿನದಿನವೂ ನಡೆಯಬೇಕಾದ ಕೆಲಸ. ಹಸುವನ್ನು ಕೊಂಡವನು ಮೇವನ್ನೂ ಹೊಂದಿಸಬೇಕು. ತೋಟವನ್ನು ಕೊಂಡವನು ಬೇಲಿಯನ್ನೂ ಕಟ್ಟಬೇಕು. ಆನೆಯನ್ನು ಕಾಣಿಕೆಯಾಗಿ ಪಡೆದವನ ಪಾಡಂತೂ ಹೇಳತೀರದು. ತಾನು ಬಿಟ್ಟಿಯಾಗಿ ಬಂದೆನೆಂದು ಆನೆಯೇನೂ ಕಡಿಮೆ ತಿನ್ನುವುದಿಲ್ಲ.

ಈ ಯಂತ್ರಯುಗದಲ್ಲಿ ಅಂಥ ಆನೆಗಳು ಬೇರೆ ರೂಪದಲ್ಲಿ ಬಂದಿವೆ. ಸಿರಿವಂತರಿಗಾಗಿ ತಯಾರಾಗಿ, ಅವರಿಂದ ಕೈಬದಲಾಯಿಸುತ್ತ ಹದಿನೈದು ವರ್ಷ ಹಳೆಯದಾಗಿ, ಕೊನೆಗೆ ಸಾಮಾನ್ಯರ ಅಳವಿಗೂ ಇಳಿದುಬಂದ ವೈಭವದ ಕಾರು ಅವುಗಳಲ್ಲಿ ಒಂದು. ಇಂಗ್ಲೆಂಡಿನ ಶಾಲಾ ಉಪಾಧ್ಯಾಯರೊಬ್ಬರು ಇಂಥ ಕಾರೊಂದನ್ನು ಕೊಂಡು ಸಾಕಿದ ಬಗೆ ಕೇಳತಕ್ಕದ್ದಾಗಿದೆ. ಅದಕ್ಕೆ ಮೊದಲು ಆ ಕಾರಿನ ಜಾತಿಯನ್ನೂ ಕುಲವನ್ನೂ ಸ್ವಲ್ಪ ತಿಳಿಯಬೇಕು.

ಯುರೋಪಿನಲ್ಲಿ ‘ಗ್ರ್ಯಾಂಡ್ ಟೂರಿಂಗ್’ ಕಾರುಗಳೆಂಬ ಒಂದು ವರ್ಗವುಂಟು. ಮಹಾಪ್ರವಾಸದ ಕಾರು ಎಂದು ಅದರ ಅರ್ಥ. ಈ ಹೆಸರಿನ ಹಿಂದೆ ಹಳೆಯ ಪದ್ಧತಿಯೊಂದಿದೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನಗಳ ತರುಣರು ತಮ್ಮ ವಿದ್ಯಾಭ್ಯಾಸದ ಕೊನೆಯ ಘಟ್ಟವಾಗಿ ಫ್ರಾನ್ಸು, ಇಟಲಿ ದೇಶಗಳನ್ನು ಸುತ್ತಿಬರುತ್ತಿದ್ದರು. ಆ ಸಂಚಾರಕ್ಕೆ ‘ಗ್ರ್ಯಾಂಡ್ ಟೂರ್’ ಎಂದು ಹೆಸರು. ಇಟಲಿಯನ್ನು ಮುಟ್ಟಬೇಕಾದರೆ ಆಲ್ಪ್ಸ್ ಪರ್ವತಗಳನ್ನು ದಾಟಬೇಕು. ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿದ್ದ ದಾರಿಗಳಲ್ಲಿ ಮೋಂ ಸೆನಿ ಎಂಬ ಕಣಿವೆಮಾರ್ಗವೂ ಒಂದು. ಅಲ್ಲಿ ಬಂಡಿ ಹೋಗುವ ರಸ್ತೆಯಿರಲಿಲ್ಲ. ಆದುದರಿಂದ ಬೆಟ್ಟದ ಬುಡದಲ್ಲಿ ಕುದುರೆಬಂಡಿಗಳನ್ನು ಬಿಡಿಬಿಡಿಯಾಗಿ ಕಳಚಿ, ಹೇಸರಗತ್ತೆಗಳ ಮೇಲೆ ಹೇರಿ, ಪ್ರಯಾಣಿಕರನ್ನು ಕುರ್ಚಿಗಳಲ್ಲಿ ಕೂರಿಸಿ ಆಳುಗಳು ಹೊತ್ತು ದಾಟಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ನೆಪೋಲಿಯನ್ ಅಲ್ಲಿ ರಸ್ತೆ ಮಾಡಿಸಿದ ಮೇಲೆ ಈ ತೊಂದರೆ ತಪ್ಪಿತು.

ಮೋಟಾರಿನ ಕಾಲ ಬಂದಾಗ ಇಟಲಿಯವರು ತಮ್ಮ ಕೆಲವು ಕಾರುಗಳನ್ನು ‘ಗ್ರಾನ್ ಟುರಿಸ್ಮೊ’ ಎಂದು ಕರೆದರು. ೧೯೫೧ರಲ್ಲಿ ಹೊರಬಂದ ಲಾನ್ಚಿಯಾ ಔರೇಲಿಯಾ ಬಿ-೨೦ ಈ ಬಗೆಯ ಕಾರುಗಳಿಗೆ ಮಾದರಿಯೆನಿಸಿತು. ಮಹಾಪ್ರವಾಸದ ಕಾರು ವೇಗವುಳ್ಳದ್ದು, ಆದರೆ ಪಂದ್ಯದ ಕಾರಲ್ಲ. ಸುಖಾಸನವುಳ್ಳದ್ದು, ಆದರೆ ಇಡೀ ಕುಟುಂಬಕ್ಕೆ ಹೇಳಿಸಿದ್ದಲ್ಲ. ಇಬ್ಬರು ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು, ಒಂದು ದೇಶದಲ್ಲಿ ಬೆಳಗಾದರೆ ಇನ್ನೊಂದು ದೇಶದಲ್ಲಿ ಇರುಳಾಗುವಂತೆ, ದಣಿವಿಲ್ಲದೆ ದೂರವನ್ನು ಕ್ರಮಿಸುವುದೇ ಅದರ ಧರ್ಮ.

ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ತಯಾರಾದ ಜಾಗ್ವಾರ್ ಎಕ್ಸ್‌ಜೆ-ಎಸ್ ಈ ಕುಲಕ್ಕೆ ಸೇರಿದ ಕಾರು. ಅದು ೧೯೭೫ರ ಸೆಪ್ಟೆಂಬರಿನಲ್ಲಿ ಜನರ ಮುಂದೆ ಬಂದಿತು. ಅದರ ಆಕಾರವನ್ನು ಕಲ್ಪಿಸಿದವರಲ್ಲಿ ಮುಖ್ಯರಾದ ಮಾಲ್ಕಮ್ ಸೇಯರ್ ಮೊದಲು ವಿಮಾನದ ಕಾರ್ಖಾನೆಯಲ್ಲಿ ದುಡಿದವರು. ಗಾಳಿಯನ್ನು ಸೀಳಿ ಸಾಗುವ ಮೈಕಟ್ಟನ್ನು ಲೆಕ್ಕಹಾಕಿ ರೂಪಿಸುವುದರಲ್ಲಿ ನಿಪುಣರು. ೧೯೭೦ರಲ್ಲಿಯೇ ತೀರಿಕೊಂಡ ಅವರಿಗೆ ಕಾರು ರಸ್ತೆಗಿಳಿದುದನ್ನು ನೋಡುವ ಭಾಗ್ಯವಿರಲಿಲ್ಲ. ಕಾರಿನ ಮೂತಿಯ ಕೆಳಗೆ ಹನ್ನೆರಡು ಸಿಲಿಂಡರುಗಳ ಎಂಜಿನು. ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡು ಸಾಲುಗಳಲ್ಲಿ ಆರಾರು ಸಿಲಿಂಡರುಗಳನ್ನು ಓರೆಯಾಗಿ ನಿಲ್ಲಿಸಿದ ಈ ಎಂಜಿನು ಅಲ್ಯೂಮಿನಿಯಮಿನದು. ಅದರ ಗಾತ್ರ ೫.೩ ಲೀಟರು. ಅದಕ್ಕೆ ಬೇಕಾದ ಎಣ್ಣೆಯೇ ಹತ್ತು ಲೀಟರಿಗೂ ಹೆಚ್ಚು. ತಣಿಸುವ ನೀರು ಸುಮಾರು ಇಪ್ಪತ್ತು ಲೀಟರು. ೧೯೭೩ರ ತೈಲದ ಬಿಕ್ಕಟ್ಟಿನಿಂದ ಜಗತ್ತೆಲ್ಲ ಪೆಟ್ರೋಲನ್ನು ಅಳೆದು ಸುರಿಯುತ್ತಿದ್ದಾಗ, ಲೀಟರಿಗೆ ಐದು ಕಿಲೋಮೀಟರು ಓಡುವುದೂ ಕಷ್ಟವಾದ ಈ ಕಾರು ಹೊರಬಂದುದು ಒಂದು ವಿಪರ್ಯಾಸ. ೧೯೮೧ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮೈಕೆಲ್ ಮೇ ಅವರ ವಿಧಾನದಂತೆ ಎಂಜಿನಿನ ತಲೆಯನ್ನು ತಿದ್ದಿದ ಮೇಲೆ ಅದರ ಹಸಿವು ಕೊಂಚ ತಗ್ಗಿತು. ೧೯೯೬ರವರೆಗೆ ಇಂಥ ಕಾರುಗಳು ಒಂದು ಲಕ್ಷದ ಹದಿನೈದು ಸಾವಿರಕ್ಕೂ ಮೇಲ್ಪಟ್ಟು ತಯಾರಾದವು.

ಇಷ್ಟು ಘನವಾದ ಕಾರು ಹಳೆಯದಾದಾಗ ಅಗ್ಗವಾಗುವುದೇಕೆ? ಹೊಸದನ್ನು ಕೊಳ್ಳುವ ಶಕ್ತಿಯುಳ್ಳವನಿಗೆ ಹಳೆಯದು ಬೇಡ. ಹಳೆಯದನ್ನು ಬಯಸುವವನಿಗೆ ಅದನ್ನು ಸಾಕುವ ಶಕ್ತಿಯಿಲ್ಲ. ಬೇಡುವವರು ಕಡಿಮೆಯಾದಂತೆ ಬೆಲೆ ಕುಸಿಯುತ್ತದೆ. ಕುಸಿಯುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆಯಾಗಲಿ, ಟೈರುಗಳ ಬೆಲೆಯಾಗಲಿ, ಬಲ್ಲ ಕೆಲಸಗಾರನ ಕೂಲಿಯಾಗಲಿ ಕುಸಿಯುವುದಿಲ್ಲ. ಕಾರು ಬಡವನ ಮನೆಗೆ ಬಂದರೂ ಅದರ ಅಗತ್ಯಗಳು ಸಿರಿವಂತನ ಮನೆಯಲ್ಲಿದ್ದಂತೆಯೇ ಉಳಿಯುತ್ತವೆ. ಇದನ್ನರಿಯದೆ ಅಗ್ಗಕ್ಕೆ ಮರುಳಾದವರು ಒಂದೆರಡು ವರ್ಷ ಮೆರೆದು, ಖರ್ಚು ಎದುರಾದಾಗ ದುರಸ್ತಿಯನ್ನು ಮುಂದೂಡಿ, ಕೊನೆಗೆ ಕಾರನ್ನು ಮತ್ತೊಬ್ಬರಿಗೆ ದಾಟಿಸಿಬಿಡುತ್ತಾರೆ. ಕಾರು ಕೈಯಿಂದ ಕೈಗೆ ಹೋದಂತೆ, ಮಾಡದೆ ಬಿಟ್ಟ ಕೆಲಸಗಳ ಸಾಲವೂ ಅದರ ಜೊತೆಯಲ್ಲಿ ಬೆಳೆಯುತ್ತ ಹೋಗುತ್ತದೆ.

ಕವೆಂಟ್ರಿಯ ಆ ಉಪಾಧ್ಯಾಯರಿಗೆ ಈ ಲೆಕ್ಕ ತಿಳಿಯದುದೇನೂ ಅಲ್ಲ. ಅವರ ತಂದೆ ಅದೇ ನಗರದ ರ‍್ಯಾಡ್‌ಫರ್ಡ್ ಕಾರ್ಖಾನೆಯಲ್ಲಿ ಎಂಜಿನುಗಳನ್ನು ಜೋಡಿಸುತ್ತ ಬಾಳನ್ನು ಸವೆಸಿದವರು. ಆ ಕೈಗಳಿಂದ ಸಾವಿರಾರು ಎಂಜಿನುಗಳು ಹಾದುಹೋದವು. ಆದರೆ ಅಂಥ ಕಾರಿನ ಆಸನದಲ್ಲಿ ಕುಳಿತು ಒಂದು ಮೈಲಿಯನ್ನಾದರೂ ಅವರು ಹೋದವರಲ್ಲ. ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿ ಸೈಕಲ್ಲಿನಲ್ಲಿಯೇ ಹಿಂದಿರುಗಿದರು. ೧೯೯೮ರಲ್ಲಿ ಅವರಿಗೆ ಎಪ್ಪತ್ತಾರು ವರ್ಷ, ಮಗನಿಗೆ ಐವತ್ತು. ಆ ವರ್ಷ, ೧೯೮೩ರಲ್ಲಿ ತಯಾರಾದ ಎಕ್ಸ್‌ಜೆ-ಎಸ್ ಒಂದು ಮಾರಾಟಕ್ಕಿರುವುದನ್ನು ಉಪಾಧ್ಯಾಯರು ಕಂಡರು. ಬಣ್ಣ ಕಡುನೀಲಿ, ಒಳಗೆಲ್ಲ ಚರ್ಮದ ಹೊದಿಕೆ. ಬೆಲೆಯೋ, ಹೊಸದೊಂದು ಪುಟ್ಟ ಕಾರಿಗಿಂತ ಕಡಿಮೆ. ತಂದೆಯನ್ನು ಅದರಲ್ಲಿ ಕೂರಿಸಿ, ಕಾರು ಯಾವ ಪಯಣಕ್ಕಾಗಿ ಹುಟ್ಟಿತೋ ಆ ಪಯಣವನ್ನೇ ಒಮ್ಮೆ ಮಾಡಿಸಬೇಕೆಂಬ ಆಸೆ ಮಗನ ಮನಸ್ಸಿನಲ್ಲಿ ಮೊಳೆಯಿತು. ಕೂಡಿಟ್ಟ ಹಣ ಖರ್ಚಾಯಿತು. ಕಾರು ಮನೆಯ ಮುಂದೆ ಬಂದು ನಿಂತಿತು.

ಮುದುಕರು ಕಾರಿನ ಹೊಳಪನ್ನು ನೋಡಲಿಲ್ಲ. “ಚಾಲೂ ಮಾಡು” ಎಂದಷ್ಟೇ ಹೇಳಿ, ಹಿಂಬದಿಗೆ ಹೋಗಿ ಮೊಣಕಾಲೂರಿದರು. ಎರಡು ಸಾಲು ಸಿಲಿಂಡರುಗಳ ಹೊಗೆ ಹೊರಬರುವ ಎರಡು ಕೊಳವೆಗಳ ಮುಂದೆ ಅಂಗೈಗಳನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗನ ಕಿವಿಗೆ ಎಂಜಿನು ರೇಷ್ಮೆಯಂತೆ ನಯವಾಗಿ ಕೇಳಿಸುತ್ತಿತ್ತು. ಹನ್ನೆರಡು ಸಿಲಿಂಡರುಗಳಲ್ಲಿ ಒಂದೆರಡು ಸೋಮಾರಿಯಾದರೂ ಉಳಿದವು ಆ ಕೊರತೆಯನ್ನು ಮರೆಸುತ್ತವೆ. ತಂದೆಯ ಅಂಗೈ ಮೋಸಹೋಗಲಿಲ್ಲ. “ಎರಡು ಸಾಲಿನಲ್ಲೂ ಒಂದೊಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಮುಂದಿನ ಎರಡು ಪ್ಲಗ್ಗುಗಳನ್ನು ತೆಗೆದು ನೋಡು” ಎಂದರು.

ಹಾಗೆ ತೆಗೆದು ನೋಡುವುದು ಸುಲಭದ ಮಾತಾಗಿರಲಿಲ್ಲ. ಈ ಎಂಜಿನಿನ ಹನ್ನೆರಡು ಸ್ಪಾರ್ಕ್ ಪ್ಲಗ್ಗುಗಳೂ ಎರಡು ಸಾಲುಗಳ ನಡುವಣ ಇಕ್ಕಟ್ಟಿನಲ್ಲಿವೆ. ಅವುಗಳಲ್ಲಿ ತೀರ ಮುಂದಿನ ಎರಡರ ಮೇಲೆ, ಕಾರಿನೊಳಗಣ ಗಾಳಿಯನ್ನು ತಂಪುಮಾಡುವ ಯಂತ್ರದ ಕಂಪ್ರೆಸರು ಕುಳಿತಿದೆ. ಅದನ್ನು ಬಿಚ್ಚಿ ಬದಿಗೆ ಸರಿಸದೆ ಆ ಎರಡಕ್ಕೆ ಸ್ಪ್ಯಾನರು ಎಟುಕಲಾರದು. ಉಪಾಧ್ಯಾಯರು ಒಂದು ಭಾನುವಾರವಿಡೀ ಹೆಣಗಿ, ಬೆರಳುಗಳ ಚರ್ಮ ಸುಲಿದುಕೊಂಡು ಹನ್ನೆರಡನ್ನೂ ಹೊರತೆಗೆದರು. ಹತ್ತು ಪ್ಲಗ್ಗುಗಳು ಇತ್ತೀಚಿನವು, ಹಸನಾಗಿದ್ದವು. ಮುಂದಿನ ಎರಡು ಮಾತ್ರ ತುದಿ ಸವೆದು, ಕಪ್ಪಗೆ ಮಸಿಗಟ್ಟಿ, ಗುರುತು ಸಿಗದಂತಾಗಿದ್ದವು. ಎಷ್ಟೋ ವರ್ಷಗಳಿಂದ ಕಾರಿನ ಕೆಲಸಕ್ಕೆ ಕೈಯಿಟ್ಟವರೆಲ್ಲ ಕೈಗೆಟುಕಿದ ಹತ್ತನ್ನು ಬದಲಾಯಿಸಿ, ಕೈಗೆಟುಕದ ಎರಡನ್ನು ಹಾಗೆಯೇ ಬಿಟ್ಟು, ಹನ್ನೆರಡಕ್ಕೂ ಲೆಕ್ಕ ಬರೆದುಕೊಂಡು ಹೋಗಿದ್ದರು.

ಮುದುಕರು ಆ ಎರಡನ್ನೂ ಒರೆಸಿ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. “ಹತ್ತನ್ನು ಯಾರು ಬೇಕಾದರೂ ಬದಲಾಯಿಸಿಯಾರು. ಕಾರಿಗೆ ಒಡೆಯನಿದ್ದಾನೋ ಇಲ್ಲವೋ ಎಂಬುದನ್ನು ಈ ಎರಡನ್ನು ನೋಡಿ ಹೇಳಬೇಕು” ಎಂದರು.

ಕಾರಿನ ಸಾಲ ಇಲ್ಲಿಗೆ ತೀರಲಿಲ್ಲ. ಮೂರು ವರ್ಷ ತುಂಬಿದ ಕಾರುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿದೆ. ೧೯೬೦ರಲ್ಲಿ ಆರಂಭವಾದ ಆ ಪರೀಕ್ಷೆಗೆ ‘ಎಂ.ಓ.ಟಿ.’ ಎಂದು ಹೆಸರು. ಆ ಚಳಿಗಾಲದಲ್ಲಿ ಉಪಾಧ್ಯಾಯರ ಕಾರು ಅದರಲ್ಲಿ ನಪಾಸಾಯಿತು. ಹಿಮ ಕರಗಿಸಲೆಂದು ಅಲ್ಲಿನ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಬಾಗಿಲುಗಳ ಕೆಳಗಣ ಉಕ್ಕಿನ ಪಟ್ಟಿಯನ್ನು ಒಳಗಿನಿಂದಲೇ ತಿಂದಿತ್ತು. ಹೊರಗೆ ನೀಲಿ ಬಣ್ಣ ಮಿರುಗುತ್ತಿತ್ತು. ಒಳಗೆ ತುಕ್ಕಿನ ಪುಡಿ. ಹಿಂದಿನ ಬ್ರೇಕುಗಳೂ ಸವೆದಿದ್ದವು. ಆ ಮಾದರಿಯಲ್ಲಿ ಹಿಂದಿನ ಬ್ರೇಕುಗಳು ಚಕ್ರದ ಬಳಿಯಲ್ಲಿರದೆ, ಕಾರಿನ ಹೊಟ್ಟೆಯ ಕೆಳಗೆ ನಡುಮಧ್ಯದಲ್ಲಿ ಅಡಗಿವೆ. ಅಲ್ಲಿಯೂ ಅದೇ ಕಥೆ: ಕೈ ಸುಲಭವಾಗಿ ಹೋಗದ ಕಡೆ ಯಾರ ಕೈಯೂ ಹೋಗಿರಲಿಲ್ಲ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಿ, ಬ್ರೇಕುಗಳನ್ನು ಹೊಸದಾಗಿ ಹಾಕಿಸಿ, ಎರಡನೆಯ ಬಾರಿಗೆ ಕಾರು ಪಾಸಾಗುವ ಹೊತ್ತಿಗೆ ಉಪಾಧ್ಯಾಯರ ಖರ್ಚಿನ ಪುಸ್ತಕದಲ್ಲಿ ದುರಸ್ತಿಯ ಮೊತ್ತ ಕಾರಿನ ಬೆಲೆಯನ್ನು ಸಮೀಪಿಸಿತ್ತು.

ಅಷ್ಟರಲ್ಲಿ ಗ್ಯಾರೇಜಿನ ಕೆಲಸಗಾರ ಮತ್ತೊಂದು ಎಚ್ಚರಿಕೆಯನ್ನಿತ್ತ. ಎಂಜಿನಿನ ನೀರನ್ನು ತಣಿಸುವ ರೇಡಿಯೇಟರಿನ ಮೇಲ್ಭಾಗ ಕೈಸುಡುವಂತಿದ್ದರೂ ಕೆಳಭಾಗ ತಣ್ಣಗಿತ್ತು. ಕೆಳಗಿನ ಕೊಳವೆಗಳಲ್ಲಿ ಹೂಳು ತುಂಬಿ ನೀರಿನ ಹರಿವು ನಿಂತಿದೆಯೆಂದು ಅದರ ಅರ್ಥ. ಕವೆಂಟ್ರಿಯ ಚಳಿಯಲ್ಲಿ ಇದರಿಂದ ಬಾಧೆಯಿಲ್ಲ. ಬೇಸಗೆಯಲ್ಲಿ ಬೆಟ್ಟವನ್ನು ಹತ್ತಿಸಿದರೆ ಮಾತ್ರ ನೀರು ಕುದಿದು, ಅಲ್ಯೂಮಿನಿಯಮಿನ ಎಂಜಿನು ಕಾದು ಕೆಡುವುದು ಖಂಡಿತ. ಎಂಜಿನು ಕೆಟ್ಟರೆ ಕಾರು ಬರಿಯ ಗುಜರಿ. ರೇಡಿಯೇಟರನ್ನೂ, ಎಂಜಿನಿನ ಬಿಸಿಗೆ ಬಿರುಕುಬಿಟ್ಟಿದ್ದ ರಬ್ಬರಿನ ಪೆಟ್ರೋಲು ಕೊಳವೆಗಳನ್ನೂ ಬದಲಾಯಿಸಬೇಕು. ಖರ್ಚು ಮತ್ತೆ ದೊಡ್ಡದೇ.

ಮನೆಯ ಮಾಡು ಸೋರುತ್ತಿತ್ತು. ಅದರ ರಿಪೇರಿಗೆಂದು ತೆಗೆದಿರಿಸಿದ್ದ ಹಣವೂ ಕಾರಿನ ಪಾಲಾಗುವುದೆಂದು ಉಪಾಧ್ಯಾಯರ ಹೆಂಡತಿ ಕಳವಳಗೊಂಡರು. ಅವರ ಕಳವಳ ನ್ಯಾಯವಾದುದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕ ಯಾವ ದೇಶದಲ್ಲಿಯೂ ಸುಳ್ಳಾಗುವುದಿಲ್ಲ. ಕೊನೆಗೆ ೧೯೯೯ರ ವಸಂತದಲ್ಲಿ ಉಪಾಧ್ಯಾಯರು ಕಾರನ್ನು ಮಾರಿಬಿಡಲು ನಿಶ್ಚಯಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು.

ಒಂದು ಸಂಜೆ ಒಬ್ಬ ತರುಣ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದವನು. ಮೊದಲ ಉಳಿತಾಯವನ್ನು ಜೇಬಿನಲ್ಲಿ ತಂದಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ಚರ್ಮದ ಆಸನದಲ್ಲಿ ಕುಳಿತು, ಎಂಜಿನಿನ ಸದ್ದು ಕೇಳಿ ಮುಗ್ಧನಾದ. ಯಾವ ಪ್ರಶ್ನೆಯನ್ನೂ ಕೇಳದೆ, ಹೇಳಿದ ಬೆಲೆಗೆ ಒಪ್ಪಿದ. ತಣ್ಣನೆಯ ಸಂಜೆ; ಉಷ್ಣತೆ ತೋರಿಸುವ ಮುಳ್ಳು ಇರಬೇಕಾದಲ್ಲಿಯೇ ಇತ್ತು. ಒಂದು ಮಾತನ್ನು ಆಡದಿದ್ದರೆ ಸಾಕು. ಮಾಡಿನ ಹಣ ಮನೆಗೆ ಬರುತ್ತಿತ್ತು, ಕಾರಿನ ಸಾಲ ತರುಣನ ತಲೆಗೆ ಹೋಗುತ್ತಿತ್ತು. ಸುಳ್ಳು ಹೇಳಬೇಕಾದ ಪ್ರಮೇಯವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಕಾಗದಪತ್ರಗಳನ್ನು ತರಲು ಉಪಾಧ್ಯಾಯರು ಅಡುಗೆಮನೆಗೆ ಹೋದರು. ಕಿಟಕಿಯ ಕಟ್ಟೆಯ ಮೇಲೆ ಆ ಎರಡು ಪ್ಲಗ್ಗುಗಳು ಇದ್ದವು. ಅವುಗಳನ್ನು ಬಿಟ್ಟುಹೋದ ಪ್ರತಿಯೊಬ್ಬನೂ ಹೀಗೆಯೇ ಒಂದು ದಿನ ಸುಮ್ಮನಿದ್ದಿರಬೇಕೆಂದು ಅವರಿಗೆ ಹೊಳೆಯಿತು. ಹೊರಗೆ ಬಂದು ತರುಣನಿಗೆ ರೇಡಿಯೇಟರಿನ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅದರ ಖರ್ಚೆಷ್ಟೆಂಬುದನ್ನೂ ಹೇಳಿದರು. ತರುಣನ ಮುಖ ಬಾಡಿತು. ವಂದನೆ ಹೇಳಿ, ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹಿಂದಿರುಗಿದ. ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ ತಂದೆ ಮಾತಾಡಲಿಲ್ಲ.

ಆ ರಾತ್ರಿ ಗಂಡಹೆಂಡಿರು ಕುಳಿತು ಲೆಕ್ಕಹಾಕಿದರು. ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಬೇಕು, ಅರೆಬರೆ ಕೂಡದೆಂದು ಹೆಂಡತಿಯೇ ಹೇಳಿದರು. ಮೊದಲು ಮಾಡಿನ ರಿಪೇರಿ, ಆಮೇಲೆ ಕಾರು ಎಂದು ತೀರ್ಮಾನವಾಯಿತು. ಉಪಾಧ್ಯಾಯರು ಶಾಲೆಗೆ ಸೈಕಲ್ಲಿನಲ್ಲಿ ಹೋಗತೊಡಗಿದರು. ಬೇಸಗೆ ರಜೆಯಲ್ಲಿ ಮನೆಪಾಠ ಹೇಳಿದರು. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು, ಆದಷ್ಟು ಕೆಲಸವನ್ನು ತಾವೇ ಕಲಿತು ಮಾಡಿದರು. ತಂದೆಯ ಕೈ ನಡುಗುತ್ತಿದ್ದುದರಿಂದ ಅವರು ಸ್ಪ್ಯಾನರು ಹಿಡಿಯಲಾರರು. ಪಕ್ಕದಲ್ಲಿ ಕುಳಿತು, ಯಾವ ಬೋಲ್ಟನ್ನು ಮೊದಲು ಸಡಿಲಿಸಬೇಕು, ಯಾವುದನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಹೇಳಿಕೊಡುತ್ತಿದ್ದರು. ಐವತ್ತು ವರ್ಷಗಳಲ್ಲಿ ತಂದೆಮಕ್ಕಳು ಆಡಿದ ಮಾತಿಗಿಂತ ಹೆಚ್ಚು ಮಾತು ಆ ಒಂದು ವರ್ಷದಲ್ಲಿ ನಡೆಯಿತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯಬೇಕಾಗಿ ಬಂದುದು ಹಿಂದಿನವರ ಅಲಕ್ಷ್ಯದಿಂದ. ಇನ್ನು ಮುಂದೆ ಉಗುರಿನಿಂದಲೇ ಹೋಗುವಂತೆ ನೋಡಿಕೊಳ್ಳುವುದು ತಮ್ಮ ಕೆಲಸವೆಂದು ಉಪಾಧ್ಯಾಯರು ಬಗೆದರು.

೨೦೦೦ದ ಜೂನ್ ತಿಂಗಳಲ್ಲಿ ತಂದೆಮಕ್ಕಳಿಬ್ಬರೂ ಹೊರಟರು. ಡೋವರಿನಲ್ಲಿ ಹಡಗು ಹತ್ತಿ ಕಡಲನ್ನು ದಾಟಿ, ಕ್ಯಾಲೆಯಲ್ಲಿ ಇಳಿದು, ಫ್ರಾನ್ಸಿನ ಬಯಲುಗಳ ನಡುವೆ ದಕ್ಷಿಣಕ್ಕೆ ಸಾಗಿದರು. ಇಟಲಿಯ ಟ್ಯೂರಿನ್ ನಗರವನ್ನು ಮುಟ್ಟುವಷ್ಟರಲ್ಲಿ ಕಾರು ಸಾವಿರದ ಮುನ್ನೂರು ಕಿಲೋಮೀಟರುಗಳ ಸುಮಾರು ಓಡಿ, ಇನ್ನೂರು ಲೀಟರಿಗೂ ಹೆಚ್ಚು ಪೆಟ್ರೋಲನ್ನು ಕುಡಿಯಿತು. ಇಂಥ ಹಸಿವು ದಿನಬಳಕೆಗೆ ಒಪ್ಪುವಂಥದಲ್ಲ. ಭೂಮಿಯ ತೈಲವೂ ವಾಯುವೂ ಎಲ್ಲರಿಗೂ ಸೇರಿದವೆಂಬ ಅರಿವುಳ್ಳವರು ಅದನ್ನು ಹೊಗಳಲಾರರು. ಆ ಕಾರು ವರ್ಷದ ಬಹು ದಿನಗಳು ಮನೆಯಲ್ಲಿಯೇ ನಿಂತಿರುತ್ತಿದ್ದುದು ಒಳ್ಳೆಯದೇ ಆಯಿತು.

ನಿಜವಾದ ಪರೀಕ್ಷೆ ಬಂದುದು ಮೋಂ ಸೆನಿಯಲ್ಲಿ. ಲಾನ್ಸ್‌ಲೆಬೂರ್ ಎಂಬ ಹಳ್ಳಿಯಿಂದ ರಸ್ತೆ ತಿರುವುಗಳ ಮೇಲೆ ತಿರುವು ಪಡೆದು, ಎರಡು ಸಾವಿರ ಮೀಟರಿಗೂ ಎತ್ತರವಾದ ನೆತ್ತಿಗೆ ಏರುತ್ತದೆ. ಬಿಸಿಲು ಚುರುಕಾಗಿತ್ತು. ಮಗನ ಕಣ್ಣು ರಸ್ತೆಯ ಮೇಲೊಮ್ಮೆ, ಉಷ್ಣತೆಯ ಮುಳ್ಳಿನ ಮೇಲೊಮ್ಮೆ. ಮುಳ್ಳು ಕದಲಲಿಲ್ಲ. ತಂದೆ ಮುಳ್ಳಿನ ಕಡೆಗೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಎಂಜಿನಿನ ಸದ್ದನ್ನು ಆಲಿಸುತ್ತಿದ್ದರು. ಹಿಂದೊಮ್ಮೆ ಶ್ರೀಮಂತರ ಬಂಡಿಗಳನ್ನು ಬಿಡಿಬಿಡಿಯಾಗಿ ಕಳಚಿ ಹೇಸರಗತ್ತೆಗಳ ಮೇಲೆ ಹೊರಿಸಿದ ಬೆಟ್ಟವನ್ನು, ಎಂಜಿನು ಜೋಡಿಸುವ ಕಾರ್ಮಿಕರೊಬ್ಬರು ಕುಳಿತಲ್ಲಿಂದ ಕದಲದೆ ದಾಟಿದರು. ನೆತ್ತಿಯ ಮೇಲೆ, ನೀಲಿ ಸರೋವರದ ದಡದಲ್ಲಿ ಮಗ ಕಾರನ್ನು ನಿಲ್ಲಿಸಿದಾಗ ಅವರು ಕಣ್ಣು ತೆರೆದು, “ಹನ್ನೆರಡೂ ಉರಿಯುತ್ತಿವೆ” ಎಂದರು.

ಇದಾದ ಮೇಲೆ ವರ್ಷಗಳು ಉರುಳಿದವು. ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ಕಾರುಗಳ ಜೋಡಣೆ ೨೦೦೫ರಲ್ಲಿ ನಿಂತಿತು. ತಂದೆಯೂ ಕಾಲವಾದರು. ಬ್ರಿಟನ್ನಿನಲ್ಲಿ ೨೦೧೮ರಿಂದ, ನಲವತ್ತು ವರ್ಷ ತುಂಬಿದ, ಹೆಚ್ಚು ಮಾರ್ಪಾಡಿಗೆ ಒಳಗಾಗದ ಕಾರುಗಳಿಗೆ ವರ್ಷದ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಉಪಾಧ್ಯಾಯರ ಕಾರಿಗೆ ೨೦೨೩ರಲ್ಲಿ ನಲವತ್ತು ತುಂಬಿತು. ಅದನ್ನು ಪರೀಕ್ಷಿಸಿರೆಂದು ಈಗ ಕಾನೂನು ಕೇಳುವುದಿಲ್ಲ. ಪರೀಕ್ಷಿಸದಿದ್ದರೆ ತಿಳಿಯುವವರೂ ಇಲ್ಲ. ಆದರೂ ಎಪ್ಪತ್ತೈದು ದಾಟಿದ ಆ ಉಪಾಧ್ಯಾಯರು ಪ್ರತಿವರ್ಷವೂ ಕಾರನ್ನು ಪರೀಕ್ಷೆಗೆ ಒಯ್ಯುತ್ತಾರೆ. ಅದಕ್ಕೆ ಮುಂಚಿನ ಭಾನುವಾರ ಕಂಪ್ರೆಸರನ್ನು ಬಿಚ್ಚಿ ಬದಿಗೆ ಸರಿಸಿ, ಮುಂದಿನ ಎರಡು ಪ್ಲಗ್ಗುಗಳನ್ನೇ ಮೊದಲು ನೋಡುತ್ತಾರೆ; ಉಳಿದ ಹತ್ತನ್ನು ಆಮೇಲೆ.